ಹೊಸ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ತಗೊಳ್ಳೋ ಮುಂಚೆ, ಇರೋದ್ರಲ್ಲಿ ತೊಂದ್ರೆ ಎಲ್ಲಿದೆ ಅಂತ ಹುಡುಕೋದು ಹೇಗೆ

"ಸೌಂಡ್ ಚೆನ್ನಾಗಿಲ್ಲ, ಟರ್ನ್‌ಟೇಬಲ್ ಅಪ್‌ಗ್ರೇಡ್ ಮಾಡ್ಬೇಕು, ಯಾವುದು ತಗೊಳ್ಳಲಿ" ಅಂತ ಕೇಳೋರು ತುಂಬಾ ಜನ. ಚೆನ್ನಾಗಿಲ್ಲ ಅಂದ್ರೆ ಏನಾಗ್ತಿದೆ ಅಂತ ತಿರುಗಿ ಕೇಳಿದ್ರೆ ಒಬ್ಬರು ಗುಂಯ್ ಅಂತ ಹಮ್ ಬರತ್ತೆ ಅಂತಾರೆ, ಇನ್ನೊಬ್ಬರು ಹಾಡಿನ ಕೊನೆಗೆ ಧ್ವನಿ ಒಡೆಯತ್ತೆ ಅಂತಾರೆ, ಮತ್ತೊಬ್ಬರು ಶ್ರುತಿ ಅಲ್ಲಾಡತ್ತೆ ಅಂತಾರೆ. ಈ ಮೂರಕ್ಕೂ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಎಷ್ಟೋ ಸಲ ದೊಡ್ಡ ದುಡ್ಡು ಕೊಟ್ಟು ಹೊಸ ಪ್ಲೇಯರ್ ತಂದ ಮೇಲೂ ಅದೇ ಹಮ್, ಅದೇ ಒಡಕು ಹಾಗೇ ಇರತ್ತೆ, ಯಾಕಂದ್ರೆ ತೊಂದ್ರೆ ಇದ್ದಿದ್ದು ಪ್ಲೇಯರ್‌ನಲ್ಲೇ ಅಲ್ಲ. ಅದಕ್ಕೆ ಮೊದಲು ಪತ್ತೆ ಮಾಡಿ, ಆಮೇಲೆ ಅಂಗಡಿಗೆ ಹೋಗಿ.

ಒಂದು ವಿಷಯ ತಲೇಲಿರಲಿ. ಸೂಜಿಯಿಂದ ಹೊರಡೋ ಸಿಗ್ನಲ್ ತೀರಾ ಸಣ್ಣದು, ಸೂಜಿ ಕೂರಿಸಿರೋ ಸಣ್ಣ ಪೆಟ್ಟಿಗೆಗೆ ಕಾರ್ಟ್ರಿಜ್ ಅಂತಾರೆ, ಮುಖ್ಯವಾಗಿ ಎರಡು ಜಾತಿ, ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡೋದು ಸುಮಾರು 3ರಿಂದ 6 ಮಿಲಿವೋಲ್ಟ್, ಮೂವಿಂಗ್ ಕಾಯಿಲ್ ಆದ್ರೆ ಬಹುತೇಕ ಅರ್ಧ ಮಿಲಿವೋಲ್ಟೂ ಇರಲ್ಲ. ಅದು ಕಾರ್ಟ್ರಿಜ್ ಪಿನ್ನು, ಟೋನ್‌ಆರ್ಮ್ (ಕಾರ್ಟ್ರಿಜ್ ಹೊತ್ತಿರೋ ಕೋಲು) ಒಳಗಿನ ಕೂದಲಿನಷ್ಟು ತೆಳ್ಳಗಿನ ವೈರು, ಪ್ಲೇಯರ್‌ನಿಂದ ಹೊರಗೆ ಬರೋ ಎಡ ಬಲ ಆರ್‌ಸಿಎ ಕೇಬಲ್ಲು, ಸಿಗ್ನಲ್ ದೊಡ್ಡದು ಮಾಡೋ ಫೋನೋ ಪ್ರೀಆಂಪ್ ಇಷ್ಟೂ ದಾಟಿ ಆಂಪ್ಲಿಫೈಯರ್‌ಗೆ ಬರ್ಬೇಕು. ಈ ದಾರೀಲಿ ಎಲ್ಲಿ ಸ್ವಲ್ಪ ಲೂಸ್ ಆದ್ರೂ, ತುಕ್ಕು ಹಿಡಿದ್ರೂ ಕಿವಿಗೆ ಗೊತ್ತಾಗತ್ತೆ.

ಮೊದಲ ಟೆಸ್ಟ್ ಬಿಟ್ಟಿ. ಫೋನನ್ನೋ ಸಿಡಿ ಪ್ಲೇಯರನ್ನೋ ಅದೇ ಆಂಪ್‌ನ ಆಕ್ಸ್‌ಗೆ (ಫೋನೋ ಅಲ್ಲದ ಮಾಮೂಲಿ ಇನ್‌ಪುಟ್) ಹಾಕಿ ಕೇಳಿ. ಅಲ್ಲೂ ಅದೇ ದೋಷ ಇದ್ರೆ ಟರ್ನ್‌ಟೇಬಲ್ ಮುಟ್ಲೇಬೇಡಿ, ಆಂಪ್, ಸ್ಪೀಕರ್, ಸ್ಪೀಕರ್ ವೈರ್ ನೋಡಿ. ಆಕ್ಸ್‌ನಲ್ಲಿ ಸೌಂಡ್ ಶುದ್ಧವಾಗಿ ಬಂದ್ರೆ ಮಾತ್ರ ಮುಂದಕ್ಕೆ ಓದಿ.

ಸೌಂಡ್ ತೆಳ್ಳಗೆ, ಅಥವಾ ಗಡಗಡ ಅಂತ

ಇದನ್ನ ಎರಡೇ ನಿಮಿಷದಲ್ಲಿ ಹಿಡೀಬಹುದು. ರೆಕಾರ್ಡ್ ಕೆತ್ತುವಾಗ ಬೇಸ್ ಕಮ್ಮಿ ಮಾಡಿ ಟ್ರೆಬಲ್ ಜಾಸ್ತಿ ಮಾಡಿರ್ತಾರೆ, ಕೇಳುವಾಗ ಅದನ್ನ ಉಲ್ಟಾ ಮಾಡಿ ಸಮ ಮಾಡೋ ಕೆಲಸ ಫೋನೋ ಪ್ರೀಆಂಪ್‌ದು, ಇದಕ್ಕೇ ಆರ್‌ಐಎಎ ಕರ್ವ್ ಅಂತಾರೆ. 1 ಕಿಲೋಹರ್ಟ್ಸ್‌ಗೆ ಹೋಲಿಸಿದ್ರೆ 20 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬೆಲ್ ಎತ್ತತ್ತೆ, 20 ಕಿಲೋಹರ್ಟ್ಸ್‌ನಲ್ಲಿ ಹೆಚ್ಚುಕಮ್ಮಿ ಅಷ್ಟೇ ಇಳಿಸತ್ತೆ. ಪ್ರೀಆಂಪ್ ಇಲ್ದೇ ನೇರ ಆಕ್ಸ್‌ಗೆ ಹಾಕಿದ್ರೆ ವಾಲ್ಯೂಮ್ ಪೂರ್ತಿ ತಿರುಗಿಸಿದ್ರೂ ಪಿಸುಮಾತಿನ ಹಾಗೆ ಕೇಳತ್ತೆ, ಮೃದಂಗದ ಎಡಭಾಗ ಇದ್ದೂ ಇಲ್ಲದ ಹಾಗೆ. ಇದರ ಉಲ್ಟಾ ಕೇಸೂ ಇದೆ. ಆಡಿಯೋ ಟೆಕ್ನಿಕಾ ಎಲ್‌ಪಿ60ಎಕ್ಸ್, ಎಲ್‌ಪಿ120ಎಕ್ಸ್ ತರದ ಪ್ಲೇಯರ್‌ಗಳಲ್ಲಿ ಪ್ರೀಆಂಪ್ ಒಳಗೇ ಇರತ್ತೆ, ಫೋನೋ, ಲೈನ್ ಅಂತ ಒಂದು ಸಣ್ಣ ಸ್ವಿಚ್ ಇರತ್ತೆ, ಅದನ್ನ ಲೈನ್‌ನಲ್ಲಿ ಬಿಟ್ಟು ಆಂಪ್‌ನ ಫೋನೋ ಇನ್‌ಪುಟ್‌ಗೆ ಹಾಕಿದ್ರೆ ಪ್ರೀಆಂಪ್ ಮೇಲೆ ಪ್ರೀಆಂಪ್ ಆಗಿ ಸೌಂಡ್ ಗಡಗಡ ಒಡೆದು ಬೇಸ್ ಉಕ್ಕತ್ತೆ. ಸ್ವಿಚ್ ಸರಿಸಿದ್ರೆ ಮುಗೀತು. ಹಾಗೇನೇ ಹಳೇ ಕಾಲದ ಎಚ್‌ಎಂವಿ ಫಿಯೆಸ್ಟಾ ತರದ ಸೂಟ್‌ಕೇಸ್ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಜ್‌ಗೆ ಫೋನೋ ಇನ್‌ಪುಟ್ ಬೇಡ, ಅದರ ಔಟ್‌ಪುಟ್ ನೂರಾರು ಮಿಲಿವೋಲ್ಟ್ ಇರತ್ತೆ.

ಹಮ್

ಹಮ್‌ನಲ್ಲಿ ಎರಡು ಜಾತಿ. ದಪ್ಪಗೆ ಒಂದೇ ಸಮ ಗುಂಯ್ ಅನ್ನೋದು 50 ಹರ್ಟ್ಸ್, ಜರ್ರ್ ಅಂತ ಹರಿತವಾಗಿ ಬರೋದು ಬೇರೆ.

ದಪ್ಪ ಹಮ್‌ಗೆ ಮೊದಲು ನೋಡ್ಬೇಕಾಗಿದ್ದು ಗ್ರೌಂಡ್ ವೈರ್. ಆರ್‌ಸಿಎ ಕೇಬಲ್ ಜೊತೆಗೇ ಒಂದು ಸಣ್ಣ ವೈರ್ ಬರತ್ತಲ್ಲ, ತುದೀಲಿ ಕವೆ ತರ ಇರೋದು, ಅದು ಆಂಪ್ ಅಥವಾ ಫೋನೋ ಪ್ರೀಆಂಪ್‌ನ ಗ್ರೌಂಡ್ ಸ್ಕ್ರೂಗೆ ಬಿಗಿಯಾಗಿ ಕೂತಿದ್ಯಾ ನೋಡಿ. ಟೋನ್‌ಆರ್ಮ್‌ನ ಲೋಹದ ಭಾಗ ಬೆರಳಲ್ಲಿ ಮುಟ್ಟಿದಾಗ ಹಮ್ ಕಮ್ಮಿಯೋ ಜಾಸ್ತಿಯೋ ಆದ್ರೆ ಗ್ರೌಂಡ್ ಎಲ್ಲೋ ಕಡಿದಿದೆ ಅಂತ ಅರ್ಥ. ರೇಗಾ ತರದ ಕೆಲವು ಪ್ಲೇಯರ್‌ಗಳಲ್ಲಿ ಈ ವೈರ್ ಬೇರೆಯಾಗಿ ಇರಲ್ಲ, ಕೇಬಲ್‌ನ ಶೀಲ್ಡ್ ಮೂಲಕವೇ ಗ್ರೌಂಡ್ ಆಗಿರತ್ತೆ, ಅದಕ್ಕೆ ಕಳೆದುಹೋಯ್ತು ಅಂತ ಗಾಬರಿ ಬೇಡ.

ಗ್ರೌಂಡ್ ಸರಿಯಿದ್ದೂ ಹಮ್ ಇದ್ರೆ ಆಂಪ್ ಪಕ್ಕದಿಂದ ಪ್ಲೇಯರನ್ನ ಎರಡಡಿ ದೂರ ಎಳೆದು ನೋಡಿ. ಆಂಪ್ ಒಳಗಿನ ಟ್ರಾನ್ಸ್‌ಫಾರ್ಮರ್‌ನಿಂದ ಕಾರ್ಟ್ರಿಜ್ ಹಮ್ ಹಿಡಿಯೋದು ತುಂಬಾ ಸಾಮಾನ್ಯ, ಒಂದರ ಮೇಲೊಂದು ಪೇರಿಸಿಟ್ಟ ಸೆಟಪ್‌ಗಳಲ್ಲಿ ಇದು ಇದ್ದೇ ಇರತ್ತೆ. ಆಮೇಲೆ ಆಂಪ್‌ಗೆ ಸೇರಿಸಿರೋ ಬೇರೆ ಎಲ್ಲಾ ಪೆಟ್ಟಿಗೆಗಳನ್ನ ಒಂದೊಂದಾಗಿ ಕಳಚಿ, ಮುಖ್ಯವಾಗಿ ಕೇಬಲ್ ಟಿವಿ ಸೆಟ್‌ಟಾಪ್ ಬಾಕ್ಸ್, ಅದರ ಕೋಆಕ್ಸ್ ವೈರ್ ಬೇರೆ ಕಡೆಯ ಅರ್ಥ್ ಹೊತ್ಕೊಂಡು ಬಂದು ಗ್ರೌಂಡ್ ಲೂಪ್ (ಎರಡು ಅರ್ಥ್ ಸೇರಿ ಆಗೋ ಸುತ್ತು, ಅದ್ರಿಂದಲೇ ಹಮ್) ಮಾಡತ್ತೆ.

ಜರ್ರ್ ಅನ್ನೋದು ಬಂದ್ರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಲೈಟ್ ಡಿಮ್ಮರ್ ಆಫ್ ಮಾಡಿ ನೋಡಿ. ಕರೆಂಟ್ ಹೋದಾಗ ಮಾತ್ರ ಬರತ್ತೆ ಅಂದ್ರೆ ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್‌ದು, ಫ್ಯಾನೂ ಆಗ ಗೊಯ್ ಅಂತಿರತ್ತೆ ಗಮನಿಸಿ.

ಒಂದು ಮಾತು ಒತ್ತಿ ಹೇಳ್ತೀನಿ, ಹಮ್ ಹೋಗ್ಲಿ ಅಂತ ಆಂಪ್‌ನ ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ ಕೀಳೋ ಕೆಲಸ ದಯವಿಟ್ಟು ಮಾಡ್ಬೇಡಿ. ಹಮ್ ಹೋಗ್ಬಹುದು, ಆದ್ರೆ ಒಳಗೆ ಏನಾದ್ರೂ ಶಾರ್ಟ್ ಆದ ದಿನ ಆಂಪ್ ಮುಟ್ಟಿದವರಿಗೆ ಶಾಕ್ ಹೊಡೆಯತ್ತೆ. ಹಳೇ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ರೂ ಅರ್ಥ್ ವೈರೇ ಎಳೆದಿರಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಅದನ್ನ ಸರಿ ಮಾಡಿಸೋದು ಯಾವ ಹೊಸ ಕೇಬಲ್‌ಗಿಂತಲೂ ಒಳ್ಳೇ ಅಪ್‌ಗ್ರೇಡ್.

ಒಂದೇ ಕಡೆ ಸೌಂಡ್

ವಾಲ್ಯೂಮ್ ಇಳಿಸಿ, ಆಂಪ್ ಹಿಂದೆ ಎಡ ಬಲ ಆರ್‌ಸಿಎ ಅದಲುಬದಲು ಮಾಡಿ. ಸತ್ತ ಕಡೆ ಬದಲಾಗ್ಲಿಲ್ಲ ಅಂದ್ರೆ ಆಂಪ್ ಕಡೆ ದೋಷ, ಬದಲಾದ್ರೆ ಪ್ಲೇಯರ್ ಕಡೆ. ಪ್ಲೇಯರ್ ಕಡೆ ಅಂತ ಗೊತ್ತಾದ್ರೆ ಹೆಡ್‌ಶೆಲ್ (ಆರ್ಮ್ ತುದೀಲಿ ಕಾರ್ಟ್ರಿಜ್ ಕೂರೋ ಭಾಗ) ಬಿಚ್ಚೋಕಾದ್ರೆ ಬಿಚ್ಚಿ, ಕಾರ್ಟ್ರಿಜ್ ಹಿಂದಿನ ನಾಲ್ಕು ಪಿನ್ ನೋಡಿ, ಬಿಳಿ ಎಡ ಪ್ಲಸ್, ನೀಲಿ ಎಡ ಮೈನಸ್, ಕೆಂಪು ಬಲ ಪ್ಲಸ್, ಹಸಿರು ಬಲ ಮೈನಸ್. ಬಿಳಿ ನೀಲಿ ಜೋಡೀನ ಕೆಂಪು ಹಸಿರು ಜಾಗಕ್ಕೆ ಹಾಕಿ ಕೇಳಿ, ದೋಷ ಆ ಕಡೆಯಿಂದ ಈ ಕಡೆಗೆ ಬಂದ್ರೆ ಕಾರ್ಟ್ರಿಜ್ ಹೋಗಿದೆ, ಇದ್ದಲ್ಲೇ ಇದ್ರೆ ಕಾರ್ಟ್ರಿಜ್ ಚೆನ್ನಾಗಿದೆ, ವೈರಿಂಗ್ ಕಡೆ ನೋಡಿ. ಎಳೆಯುವಾಗ ವೈರ್ ಹಿಡಿದು ಎಳೀಬೇಡಿ, ತುದಿಯ ಲೋಹದ ಕ್ಲಿಪ್ಪನ್ನ ಚಿಮ್ಮಟದಲ್ಲಿ ಹಿಡೀಬೇಕು. ಹೆಡ್‌ಶೆಲ್ ಕಳಚೋ ತರದ್ದಾದ್ರೆ ಅದರ ಹಿಂಬದಿಯ ಪಿನ್‌ಗಳನ್ನ ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಡ್ಸ್‌ನಲ್ಲಿ ಒರೆಸಿದ್ರೆ ಅರ್ಧಕ್ಕರ್ಧ ಕೇಸು ಅಲ್ಲೇ ಸರಿಹೋಗತ್ತೆ, ಮಂಗಳೂರು ಉಡುಪಿ ಕಡೆಯ ಉಪ್ಪುಗಾಳಿಗಂತೂ ಈ ಪಿನ್‌ಗಳು ಬೇಗ ಕಪ್ಪಾಗ್ತವೆ.

ಸ್ಪೀಡು, ಶ್ರುತಿ

ನಮ್ಮವರಿಗೆ ಇದು ಬೇರೆಯವರಿಗಿಂತ ಬೇಗ ಕಿವಿಗೆ ಬೀಳತ್ತೆ, ಹಿಂದೆ ತಂಬೂರಿ ಒಂದೇ ಸಮ ಮೀಟ್ತಿರೋ ಸಂಗೀತ ಕೇಳಿ ಬೆಳೆದವರಿಗೆ ಶ್ರುತಿ ಕೂದಲೆಳೆಯಷ್ಟು ಅಲ್ಲಾಡಿದ್ರೂ ಸಹಿಸೋಕ್ಕಾಗಲ್ಲ. ಟೆಸ್ಟ್ ಮಾಡೋಕೂ ತಂಬೂರಿ ಇರೋ ರೆಕಾರ್ಡೇ ಒಳ್ಳೇದು, ಡ್ರಮ್ಸ್ ಗಿಟಾರ್ ತುಂಬಿದ ಹಾಡಲ್ಲಿ ಸಣ್ಣ ವಾವ್ (ಶ್ರುತಿ ನಿಧಾನವಾಗಿ ತೂಗೋದು) ಮುಚ್ಚಿಹೋಗತ್ತೆ.

ಮೊದಲು ಸರಾಸರಿ ಸ್ಪೀಡ್. ಎಲ್‌ಪಿಯ ಸ್ಪೀಡ್ ನಿಮಿಷಕ್ಕೆ 33⅓ ಸುತ್ತು, ಅಂದ್ರೆ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು. ರೆಕಾರ್ಡ್ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಸೂಜಿ ಇಳಿಸಿ ಹಾಡ್ತಿರೋವಾಗಲೇ ಸ್ಟಾಪ್‌ವಾಚ್ ಇಟ್ಕೊಂಡು ಎಣಿಸಿ. 98 ಬಂದ್ರೆ ಎರಡು ಪರ್ಸೆಂಟ್ ನಿಧಾನ. ಫೋನಿನ ಗೈರೋಸ್ಕೋಪ್ ಆಪ್‌ಗಳೂ ಇವೆ, ಆದ್ರೆ ಹಗುರ ಪ್ಲ್ಯಾಟರ್ (ರೆಕಾರ್ಡ್ ಕೂರೋ ತಿರುಗೋ ತಟ್ಟೆ) ಇರೋ, ಬೆಲ್ಟ್‌ನಿಂದ ತಿರುಗೋ ಪ್ಲೇಯರ್ ಮೇಲೆ ದಪ್ಪ ಫೋನ್ ಇಟ್ರೆ ಅದರ ಭಾರಕ್ಕೇ ಸ್ಪೀಡ್ ಬದಲಾಗ್ಬಹುದು, ಕಾಗದದ ಚೂರೇ ನಂಬಿಕೆ. ಸ್ಟ್ರೋಬ್ ತಟ್ಟೆ (ಸ್ಪೀಡ್ ಸರಿಯಿದ್ರೆ ದೀಪದ ಮಿನುಗಿಗೆ ನಿಂತ ಹಾಗೆ ಕಾಣೋ ಗೆರೆಗಳ ತಟ್ಟೆ) ಉಪಯೋಗಿಸೋದಾದ್ರೆ ನಮ್ಮ 50 ಹರ್ಟ್ಸ್‌ಗೆ 33⅓ ಸ್ಪೀಡಿಗೆ 180 ಗೆರೆ ಇರೋ ಸುತ್ತು ನೋಡ್ಬೇಕು, 216 ಗೆರೇದು ಅಮೆರಿಕದ 60 ಹರ್ಟ್ಸ್‌ಗೆ. ಎಲ್‌ಇಡಿ ಬಲ್ಬ್ ಕೆಳಗೆ ಗೆರೆ ನಿಲ್ಲದೇ ಇರಬಹುದು, ಚೋಕ್ ಇರೋ ಹಳೇ ಟ್ಯೂಬ್‌ಲೈಟ್ ಬೇಕು.

ಅಮೆರಿಕದಿಂದ ಬಂದ ಪ್ಲೇಯರ್‌ಗಳ ಕಥೆ ಇಲ್ಲೇ ಹೇಳ್ಬಿಡ್ತೀನಿ. ಅಲ್ಲಿರೋ ಅಣ್ಣನೋ ಅಕ್ಕನೋ ಊರಿಗೆ ಬರುವಾಗ ಹಳೇ ಬೆಲ್ಟ್‌ಡ್ರೈವ್ ಪ್ಲೇಯರ್ ತಂದುಕೊಡ್ತಾರೆ, ನಾವು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಆನ್ ಮಾಡ್ತೀವಿ, ತಿರುಗತ್ತೆ, ಹಾಡತ್ತೆ, ಆದ್ರೆ ಎಲ್ಲಾ ಹಾಡೂ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನ 110 ಮಾಡತ್ತೆ ಹೊರತು 50 ಹರ್ಟ್ಸನ್ನ 60 ಮಾಡಲ್ಲ. ಎಸಿ ಸಿಂಕ್ರೊನಸ್ ಮೋಟರ್ ತಿರುಗೋ ವೇಗ ನಿಂತಿರೋದೇ ಆ ಹರ್ಟ್ಸ್ ಮೇಲೆ, ಹಾಗಾಗಿ 33⅓ ಹೋಗಿ 27.8 ಆಗತ್ತೆ, ಶ್ರುತಿ ಮೂರು ಅರ್ಧಸ್ವರಕ್ಕಿಂತ ಸ್ವಲ್ಪ ಜಾಸ್ತೀನೇ ಇಳಿಯತ್ತೆ. ಐದೂವರೆ ಮನೆ ಶ್ರುತಿಯ ಹಾಡು ನಾಲ್ಕು ಮನೆಗಿಂತ ಕೆಳಗೆ ಕೂರತ್ತೆ. ಎಸ್. ಜಾನಕಿ, ಪಿ. ಸುಶೀಲ ಅವರ ಹಾಡು ಹಾಕಿದ್ರೆ ತಕ್ಷಣ ಗೊತ್ತಾಗತ್ತೆ, ಗಂಗೂಬಾಯಿ ಹಾನಗಲ್ ಅವರದ್ದು ಹಾಕಿ ಪರೀಕ್ಷೆ ಮಾಡ್ಬೇಡಿ, ಅವರ ಧ್ವನಿಯೇ ಗಂಭೀರವಾದ್ದರಿಂದ ಸ್ವಲ್ಪ ಹೊತ್ತು ಮೋಸ ಹೋಗ್ತೀರಿ. ಮದ್ದು ಅಂದ್ರೆ 50 ಹರ್ಟ್ಸ್‌ನ ಪುಲ್ಲಿ (ಬೆಲ್ಟ್ ಎಳೆಯೋ ಮೋಟರ್ ತುದಿಯ ಗಾಲಿ), ಅದು 60 ಹರ್ಟ್ಸ್‌ನದ್ದಕ್ಕಿಂತ ಹೆಚ್ಚುಕಮ್ಮಿ ಐದನೇ ಒಂದು ಭಾಗದಷ್ಟು ಜಾಸ್ತಿ ದಪ್ಪ ಇರತ್ತೆ, ಇಲ್ಲ ಹರ್ಟ್ಸ್ ಬದಲಾಯಿಸೋ ಪವರ್ ಸಪ್ಲೈ. ಡಿಸಿ ಮೋಟರ್ ಇರೋದಕ್ಕೆ, ಕ್ವಾರ್ಟ್ಜ್ ಲಾಕ್ ಡೈರೆಕ್ಟ್ ಡ್ರೈವ್‌ಗೆ (ಬೆಲ್ಟ್ ಇಲ್ದೇ ಮೋಟರೇ ನೇರ ತಿರುಗಿಸಿ, ಸ್ಪೀಡನ್ನ ಕ್ವಾರ್ಟ್ಜ್ ಹರಳು ಕಾಯೋದು) ಈ ಕಾಟ ಇಲ್ಲ, ವೋಲ್ಟೇಜ್ ಅಥವಾ ಅಡಾಪ್ಟರ್ ಸರಿ ಇದ್ರೆ ಸಾಕು.

ಸರಾಸರಿ ಸರಿಯಿದ್ದೂ ಶ್ರುತಿ ತೂಗ್ತಿದ್ರೆ ಅದರ ತಾಳ ಹಿಡೀರಿ. 33⅓ರಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ಸರಿಯಾಗಿ 1.8 ಸೆಕೆಂಡಿಗೊಮ್ಮೆ ಏರಿ ಇಳಿದ್ರೆ ಬಹುತೇಕ ರೆಕಾರ್ಡಿಂದೇ ತಪ್ಪು, ನಡುವಿನ ತೂತು ಪಕ್ಕಕ್ಕೆ ಬಿದ್ದಿರತ್ತೆ ಅಥವಾ ಪ್ಲೇಟು ಸೊಟ್ಟ ಆಗಿರತ್ತೆ. ಹೆಡ್‌ಶೆಲ್ ಎಡಕ್ಕೆ ಬಲಕ್ಕೆ ತೂಗ್ತಿದ್ಯಾ, ಮೇಲೆ ಕೆಳಗೆ ಆಡ್ತಿದ್ಯಾ ಅಂತ ಪಕ್ಕದಿಂದ ನೋಡಿದ್ರೆ ಯಾವುದು ಅಂತ ಗೊತ್ತಾಗತ್ತೆ. ಇನ್ನೊಂದು ರೆಕಾರ್ಡ್ ಹಾಕಿದಾಗ ಇಲ್ಲ ಅಂದ್ರೆ ಪ್ಲೇಯರ್ ನಿರ್ದೋಷಿ. ಒಂದು ಸುತ್ತಿಗಿಂತ ಬೇಗ ಬೇಗ ನಡುಗೋದು, ಗೊತ್ತುಗುರಿ ಇಲ್ದೇ ಜಾರೋದು ಆದ್ರೆ ಬೆಲ್ಟು, ಪುಲ್ಲಿ, ಮೋಟರ್. ಬೆಲ್ಟ್ ತೆಗೆದು ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪಲ್ಲಿ ತೊಳೆದು ಪೂರ್ತಿ ಒಣಗಿಸಿ, ಪುಲ್ಲಿ ಮತ್ತೆ ಬೆಲ್ಟ್ ಕೂರೋ ಸಬ್‌ಪ್ಲ್ಯಾಟರ್ ಅಂಚನ್ನ ಆಲ್ಕೊಹಾಲ್‌ನಲ್ಲಿ ಒರೆಸಿ ಹಾಕಿ ನೋಡಿ. ಮಲೆನಾಡಿನ ಮಳೆಗಾಲ ಕಂಡ ಹಳೇ ಬೆಲ್ಟ್ ಬೆಲ್ಲದ ಪಾಕದ ಹಾಗೆ ಪುಲ್ಲಿಗೆ ಅಂಟಿಕೊಂಡಿದ್ರೆ ತೊಳೆಯೋ ಮಾತೇ ಇಲ್ಲ, ಕೆರೆದು ತೆಗೆದು ಹೊಸದು ಹಾಕಿ. ಆನ್ ಮಾಡಿದಾಗ ನಿಧಾನ, ಹತ್ತು ನಿಮಿಷ ಆದ್ಮೇಲೆ ಸರಿಹೋಗತ್ತೆ ಅಂದ್ರೆ ಬೇರಿಂಗ್‌ನ ಎಣ್ಣೆ ಗಟ್ಟಿಯಾಗಿರೋ ಸಂಭವ ಜಾಸ್ತಿ, ಹಳೇದನ್ನ ಪೂರ್ತಿ ಒರೆಸಿ ಆ ಮಾಡೆಲ್‌ಗೆ ಹೇಳಿರೋ ಎಣ್ಣೆ ಒಂದೆರಡು ತೊಟ್ಟು ಬಿಡಿ, ತೆಂಗಿನೆಣ್ಣೆ ಅಲ್ಲ.

ಧ್ವನಿ ಒಡೆಯೋದು, ಸಕಾರ ಉಗುಳೋದು (ಹಾಡಲ್ಲಿ ಸ ಅಕ್ಷರ ಬಂದಾಗ ಸ್ಸ್ ಅಂತ ಚೀರೋದು)

ಅಪ್‌ಗ್ರೇಡ್ ಬೇಕು ಅನ್ನಿಸೋದಕ್ಕೆ ನಿಜವಾದ ಕಾರಣ ಹೆಚ್ಚಾಗಿ ಇದೇ.

ಸೂಜಿ ತುದೀಲಿ ಧೂಳಿನ ಉಂಡೆ ಇದ್ಯಾ ನೋಡಿ, ಇದ್ರೆ ಹಿಂದಿನಿಂದ ಮುಂದಕ್ಕೆ ಮಾತ್ರ ಬ್ರಷ್ ಆಡಿಸಿ. ಆಮೇಲೆ ಟ್ರ್ಯಾಕಿಂಗ್ ಫೋರ್ಸ್, ಅಂದ್ರೆ ಸೂಜಿ ರೆಕಾರ್ಡನ್ನ ಒತ್ತೋ ತೂಕ. ಆರ್ಟೋಫೋನ್ 2ಎಂ ರೆಡ್ ಕಾರ್ಟ್ರಿಜ್‌ಗೆ 1.8 ಗ್ರಾಂ, ಆಡಿಯೋ ಟೆಕ್ನಿಕಾ ವಿಎಂ95ಇಗೆ 2 ಗ್ರಾಂ, ಹೀಗೆ ಒಂದೊಂದಕ್ಕೆ ಒಂದೊಂದು. ಆರ್ಮ್ ಗಾಳೀಲಿ ಸಮತೋಲ ನಿಲ್ಲೋ ಹಾಗೆ ಹಿಂದಿನ ತೂಕ ತಿರುಗಿಸಿ, ಡಯಲ್ ಸೊನ್ನೆ ಮಾಡಿ, ಆಮೇಲೆ ಬೇಕಾದ ಗ್ರಾಂಗೆ ತಿರುಗಿಸೋದು, ಡಯಲ್ ನಂಬದೇ ಕೊನೇಲಿ ಒಂದು ಡಿಜಿಟಲ್ ಗೇಜ್‌ನಲ್ಲಿ ಅಳೆದುಬಿಡಿ. ರೆಕಾರ್ಡ್ ಸವೆಯತ್ತೆ ಅಂತ ತೂಕ ಕಮ್ಮಿ ಮಾಡೋರಿದ್ದಾರೆ, ಆದ್ರೆ ಕಮ್ಮಿ ತೂಕದಲ್ಲಿ ಸೂಜಿ ಗ್ರೂವ್ (ರೆಕಾರ್ಡ್ ಮೇಲಿನ ಗೆರೆ) ಒಳಗೆ ಕೂರದೇ ಕುಣಿದು ಗೋಡೆ ಕೆತ್ತತ್ತೆ, ಕಂಪನಿ ಹೇಳಿದ್ದಕ್ಕಿಂತ ಒಂದು ಚೂರು ಜಾಸ್ತಿ ಇದ್ರೆ ಆಗೋ ಹಾನಿಗಿಂತ ಇದು ದೊಡ್ಡದು. ಬಲಗಡೆ ಚಾನಲ್ ಮಾತ್ರ ಒಡೀತಿದ್ರೆ ಆಂಟಿಸ್ಕೇಟ್ (ಆರ್ಮ್ ಒಳಕ್ಕೆ ಜಾರದ ಹಾಗೆ ಹೊರಕ್ಕೆ ಎಳೆಯೋ ಸೆಟ್ಟಿಂಗ್) ಸ್ವಲ್ಪ ಏರಿಸಿ, ಎಡಗಡೆ ಆದ್ರೆ ಇಳಿಸಿ.

ಮೊದಲ ಹಾಡು ಚೆನ್ನಾಗಿದೆ, ಕೊನೇ ಹಾಡು ಮಾತ್ರ ಒಡೆಯತ್ತೆ ಅಂತಾದ್ರೆ ಅದು ಒಳ ಗ್ರೂವ್‌ನ ಕಾಟ. 12 ಇಂಚು ಎಲ್‌ಪಿಯ ಹೊರ ಅಂಚಲ್ಲಿ ಸೂಜಿ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಹಾದುಹೋಗತ್ತೆ, ಒಳಗೆ ಬಂದಾಗ ಅದು 21ಕ್ಕೆ ಇಳಿಯತ್ತೆ, ಅಷ್ಟೇ ಸಂಗೀತ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ. ಕಾರ್ಟ್ರಿಜ್ ಸ್ವಲ್ಪ ಸೊಟ್ಟ ಕೂತಿದ್ರೂ ಅಲ್ಲಿ ಬಯಲಾಗತ್ತೆ. ಪ್ರೊಟ್ರ್ಯಾಕ್ಟರ್ (ಕಾರ್ಟ್ರಿಜ್ ನೇರ ಕೂರಿಸೋಕೆ ಗೆರೆ ಹಾಕಿರೋ ಕಾಗದ) ಪ್ರಿಂಟ್ ಹಾಕಿಸಿ, ಬೇರ್‌ವಾಲ್ಡ್ ಅನ್ನೋ ಲೆಕ್ಕದ್ದಾದ್ರೆ ನಡುವಿನಿಂದ 66 ಮಿಲಿಮೀಟರ್ ಮತ್ತೆ 120.9 ಮಿಲಿಮೀಟರ್ ಈ ಎರಡು ಜಾಗದಲ್ಲಿ ಕಾರ್ಟ್ರಿಜ್ ಗೆರೆಗೆ ನೇರ ಕೂರ್ಬೇಕು. ಜೆರಾಕ್ಸ್ ಅಂಗಡೀಲಿ "ಫಿಟ್ ಟು ಪೇಜ್" ಅಂತ ಪ್ರಿಂಟ್ ತೆಗೆದ್ರೆ ಅಳತೆ ಕುಗ್ಗಿರತ್ತೆ, ಸ್ಕೇಲಲ್ಲಿ ಅಳೆದು ಖಾತ್ರಿ ಮಾಡ್ಕೊಂಡೇ ಉಪಯೋಗಿಸಿ.

ಇಷ್ಟಾದ್ರೂ ಒಡೀತಿದ್ರೆ ಸೂಜಿ ಸವೆದಿರಬಹುದು, ಸೂಜಿಯ ಆಕಾರ ನೋಡಿ ಆಯಸ್ಸು ಕೆಲವು ನೂರು ಗಂಟೆಯಿಂದ ಸಾವಿರ ಗಂಟೆವರೆಗೆ. ಅಥವಾ ರೆಕಾರ್ಡೇ ಸವೆದಿರಬಹುದು. ಹಳೇ ಕನ್ನಡ ಸಿನಿಮಾ ಹಾಡಿನ ಇಪಿಗಳಲ್ಲಿ (7 ಇಂಚಿನ ಸಣ್ಣ ರೆಕಾರ್ಡ್) ಇದು ತುಂಬಾ, ಭಾರದ ಸೆರಾಮಿಕ್ ಸೂಜಿಯಲ್ಲಿ ಮದುವೆಮನೆ, ಗಣಪತಿ ಪೆಂಡಾಲ್ ಅಂತ ಸುತ್ತಿ ಬಂದ ಪ್ಲೇಟುಗಳವು. ಹೊಸದೊಂದು ರೆಕಾರ್ಡ್ ಹಾಕಿ ಕೇಳಿ, ಅದು ಶುದ್ಧವಾಗಿದ್ರೆ ನಿಮ್ಮ ಸೆಟಪ್ ಚೆನ್ನಾಗಿದೆ. ಆದ್ರೂ ಆ ಹಳೇ ಪ್ಲೇಟುಗಳನ್ನ ಬಿಸಾಕ್ಬೇಡಿ, ಮೈಕ್ರೋಲೈನ್ ತರದ ಸೂಕ್ಷ್ಮ ತುದಿಯ ಸೂಜಿ ಗ್ರೂವ್ ಗೋಡೆಯ ಬೇರೆ ಭಾಗ ಮುಟ್ಟೋದ್ರಿಂದ, ಹಳೇ ಸೂಜಿ ಸವೆಸದ ಕಡೆಯಿಂದ ಧ್ವನಿ ಎತ್ತಿಕೊಡೋದುಂಟು. ಇನ್ನು ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಪ್ಲೇಟುಗಳಿಗೆ ಎಲ್‌ಪಿ ಸೂಜಿ ಹಾಕ್ಬೇಡಿ, ಅದಕ್ಕೆ ಅಗಲ ತುದಿ ಬೇಕು, ಮತ್ತೆ ಆ ಅರಗಿನ ಪ್ಲೇಟುಗಳಿಗೆ ಆಲ್ಕೊಹಾಲ್ ಯಾವತ್ತೂ ಸೋಕಿಸ್ಬೇಡಿ, ಅರಗು ಕರಗತ್ತೆ.

ಬೇಸ್ ಜಾಸ್ತಿ ಮಾಡಿದ್ರೆ ಊಳಿಡೋದು

ಪ್ಲ್ಯಾಟರ್ ನಿಲ್ಲಿಸಿ, ನಿಂತ ರೆಕಾರ್ಡ್ ಮೇಲೆ ಸೂಜಿ ಇಳಿಸಿ, ನಿಧಾನವಾಗಿ ವಾಲ್ಯೂಮ್ ಏರಿಸಿ. ಊಳಿಡೋಕೆ ಶುರುವಾದ್ರೆ ತಕ್ಷಣ ಇಳಿಸಿ, ಸ್ಪೀಕರ್‌ನ ಅದುರು ವಾಪಸ್ ಸೂಜಿಗೆ ಬರ್ತಿದೆ. ಸ್ಪೀಕರ್ ಇರೋ ಟೇಬಲ್ ಮೇಲೇ ಪ್ಲೇಯರ್ ಇಟ್ಟಿದ್ರೆ ಬೇರೆ ಮಾಡಿ. ನಮ್ಮ ಆರ್‌ಸಿಸಿ ಮನೆಗಳಲ್ಲಿ ನಡೆದಾಡಿದ್ರೆ ಸೂಜಿ ಹಾರೋದು ಕಮ್ಮಿ, ಮಲೆನಾಡಿನ ಹಲಗೆ ಹಾಸಿದ ಮಾಳಿಗೆ ಮನೇಲಾದ್ರೆ ಗೋಡೆಗೆ ಶೆಲ್ಫ್ ಹೊಡೆಸಿ ಅದರ ಮೇಲಿಡಿ. ನಿಂತಾಗ ಸದ್ದಿಲ್ಲ, ಹಾಡಿಲ್ಲದ ಗ್ರೂವ್‌ನಲ್ಲಿ ತಿರುಗುವಾಗ ಮಾತ್ರ ಗುರುಗುರು ಅಂದ್ರೆ, ಅದೂ ಬೇರೆ ಬೇರೆ ರೆಕಾರ್ಡಲ್ಲಿ ಒಂದೇ ತರ ಕೇಳಿದ್ರೆ, ಬೇರಿಂಗು ಇಲ್ಲ ಮೋಟರ್.

ಈಗ ಏನು ತಗೋಬೇಕು

ಒಡಕು ಸೂಜಿದು ಅಂತ ಗೊತ್ತಾಗಿದ್ರೆ ಸೂಜಿ ಮಾತ್ರ ತಗೊಳ್ಳಿ. ವಿಎಂ95 ಸರಣೀಲಿ ಎಲಿಪ್ಟಿಕಲ್ (ಮೊಟ್ಟೆಯಾಕಾರದ ತುದಿಯ) ಸೂಜಿ ತೆಗೆದು ಅದೇ ಬಾಡಿಗೆ ಮೈಕ್ರೋಲೈನ್ ಸೂಜಿ ಸಿಕ್ಕಿಸಬಹುದು, 2ಎಂ ರೆಡ್ ಬಾಡಿಗೆ ಬ್ಲೂ ಸೂಜಿ ಕೂರತ್ತೆ. ಇದ್ರಿಂದ ಬರೋ ಬದಲಾವಣೆ ಅದೇ ದುಡ್ಡಲ್ಲಿ ಬೇರೆ ಯಾವುದರಿಂದಲೂ ಬರಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಎಲ್‌ಪಿ60ಎಕ್ಸ್ ಮಟ್ಟದ ಪ್ಲೇಯರ್ ಇದ್ದು ಒಳ ಗ್ರೂವ್ ಒಡಕು ಹೋಗ್ತಿಲ್ಲ ಅಂದ್ರೆ, ಅದರಲ್ಲಿ ಕಾರ್ಟ್ರಿಜ್ ಬದಲಾಯಿಸೋಕ್ಕಾಗಲ್ಲ, ತೂಕ ತಿರುಗಿಸೋಕೂ ಇಲ್ಲ, ಹಾಗಾಗಿ ಇಲ್ಲಿ ಪ್ಲೇಯರ್ ಬದಲಾಯಿಸೋದಕ್ಕೆ ಅರ್ಥ ಇದೆ. ಹೊಸದರಲ್ಲಿ ನೋಡ್ಬೇಕಾಗಿದ್ದು ತಿರುಗಿಸಬಹುದಾದ ಕೌಂಟರ್‌ವೇಟ್, ಬದಲಾಯಿಸಬಹುದಾದ ಕಾರ್ಟ್ರಿಜ್, ಮತ್ತೆ ಬಿಡಿಭಾಗ ಸಿಗೋ ಬ್ರಾಂಡ್. ಬ್ಲೂಟೂತ್ ಇದ್ಯಾ, ಯುಎಸ್‌ಬಿ ಇದ್ಯಾ ಅನ್ನೋದು ಆಮೇಲೆ.

ಬೆಲ್ಟಾ ಡೈರೆಕ್ಟಾ ಅಂದ್ರೆ, ಬೇಗ ಸ್ಪೀಡಿಗೆ ಬರ್ಬೇಕು, ಬೆಲ್ಟ್ ಹುಡುಕೋ ತಲೆನೋವು ಬೇಡ, ಶ್ರುತಿ ಗಟ್ಟಿ ನಿಲ್ಲಬೇಕು ಅನ್ನೋರಿಗೆ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್, ತಂಬೂರಿ ಸಂಗೀತ ಕೇಳೋರಿಗೆ ನಾನು ಇದನ್ನೇ ಹೇಳ್ತೀನಿ. ಕಡಿಮೆ ಭಾಗ, ಸರಳ, ರೇಗಾ ಪ್ರೊಜೆಕ್ಟ್ ತರದ ಒಳ್ಳೇ ಆರ್ಮ್ ಬೇಕು ಅನ್ನೋರಿಗೆ ಬೆಲ್ಟ್, ಒಂದು ಸ್ಪೇರ್ ಬೆಲ್ಟ್ ಅವತ್ತೇ ತಗೊಂಡು ಗಾಳಿಯಾಡದ ಕವರ್‌ನಲ್ಲಿಡಿ.

ಸೆಕೆಂಡ್‌ಹ್ಯಾಂಡ್ ಟೆಕ್ನಿಕ್ಸ್ ಎಸ್‌ಎಲ್1200 ಸಿಕ್ರೆ ಬಿಡ್ಬೇಡಿ, ಆದ್ರೆ ಪರೀಕ್ಷೆ ಮಾಡಿ ತಗೊಳ್ಳಿ. 1972ರಲ್ಲಿ ಬಂದದ್ದು, 1979ರಲ್ಲಿ ಎಂಕೆ2 ಬಂತು, 2010ರಲ್ಲಿ ನಿಲ್ಲಿಸಿ 2016ರಲ್ಲಿ ಮತ್ತೆ ಶುರು ಮಾಡಿದ್ರು, ಅಂದ್ರೆ ಮಾರ್ಕೆಟ್ಟಲ್ಲಿ ಓಡಾಡೋ ಹಳೇವು ಎಷ್ಟೋ ಡಿಜೆಗಳ ಕೈ ದಾಟಿ ಬಂದಿರ್ತವೆ. ಹೆಡ್‌ಶೆಲ್ ಹಿಡಿದು ಮೆಲ್ಲಗೆ ಅಲ್ಲಾಡಿಸಿದಾಗ ಆರ್ಮ್ ಬುಡದಲ್ಲಿ ಕಟಕಟ ಆಟ ಇರ್ಬಾರ್ದು, ಸಮತೋಲಕ್ಕೆ ತಂದು ಉಫ್ ಅಂತ ಊದಿದ್ರೆ ಎಲ್ಲೂ ಸಿಕ್ಕಿಕೊಳ್ದೇ ತೇಲ್ಬೇಕು, ಪಿಚ್ ಸ್ಲೈಡರ್ (ಸ್ಪೀಡ್ ಹೆಚ್ಚುಕಮ್ಮಿ ಮಾಡೋ ಗುಂಡಿ) ನಡುವಲ್ಲಿಟ್ಟಾಗ ಪ್ಲ್ಯಾಟರ್ ಅಂಚಿನ ಸ್ಟ್ರೋಬ್‌ನ ದೊಡ್ಡ ಚುಕ್ಕೆಗಳ ಸಾಲು ಅಲ್ಲಾಡದೇ ನಿಲ್ಬೇಕು, ಹಿಂದೆ ವೋಲ್ಟೇಜ್ ಎಷ್ಟು ಬರೆದಿದೆ ಅಂತ ಓದ್ಬೇಕು, ಮತ್ತೆ ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಎಲ್‌ಪಿ ಜೊತೇಲಿ ತಗೊಂಡು ಹೋಗಿ ಕೊನೇ ಹಾಡಿನವರೆಗೂ ಅಲ್ಲೇ ಕೂತು ಕೇಳ್ಬೇಕು. ಮಾರೋರು ಅವಸರ ಮಾಡಿದ್ರೂ ಪರವಾಗಿಲ್ಲ, ಕೊನೇ ಹಾಡು ಕೇಳದೇ ದುಡ್ಡು ಕೊಡ್ಬೇಡಿ.